ಶಾಲೆಯ ಕಂಪ್ಯೂಟರ್ ಕೊಠಡಿ: ಯಾವ ಸ್ವಚ್ಛತಾ ನಿಯಮ ಬೇಕು, ಯಾವುದು ಬೇಡ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಶಿಕ್ಷಕಿ. ನಮ್ಮ ಪ್ರಯೋಗಾಲಯದ ಬಾಗಿಲಿನ ಪಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಯಮಗಳ ಫಲಕವಿದೆ. ಮಕ್ಕಳು ಪಾದರಕ್ಷೆಯನ್ನು ಹೊರಗೆ ಬಿಟ್ಟು ಬರಿಗಾಲಲ್ಲಿ ಬರುತ್ತಾರೆ, ಚೀಲ ತರುವುದಿಲ್ಲ, ತಿಂಡಿ ತಿನ್ನುವುದಿಲ್ಲ. ಹಾಗಿದ್ದರೂ ಕೆಲವು ಯಂತ್ರಗಳು ಬಿಸಿಯಾಗಿ ತಾವಾಗಿಯೇ ಆರಿಹೋಗುತ್ತವೆ, ಕೀಲಿಗಳು ಅಂಟಿಕೊಳ್ಳುತ್ತವೆ. ಈಚೆಗೆ ಮಕ್ಕಳಲ್ಲಿ ಕಣ್ಣುಬೇನೆ ಹರಡಿದಾಗ ಪೋಷಕರು ಇದೇ ಕೊಠಡಿಯನ್ನು ದೂರಿದರು. ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿ, ಕೊಠಡಿಯನ್ನು ವಾರಕ್ಕೆ ಒಂದೇ ದಿನ ತೆರೆಯೋಣವೆಂದು ಮುಖ್ಯೋಪಾಧ್ಯಾಯರು ಹೇಳುತ್ತಿದ್ದಾರೆ. ನಿಜಕ್ಕೂ ಬೇಕಾದ ನಿಯಮಗಳು ಯಾವುವು? ಶುಚಿ ಮಾಡುವ ಕೆಲಸ ಯಾರದು, ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ಉತ್ತರ: ನಿಮ್ಮ ಫಲಕದಲ್ಲಿರುವ ನಿಯಮಗಳು ಬಹುತೇಕ ಮಕ್ಕಳನ್ನು ಕುರಿತವು, ನೀವು ಹೇಳಿದ ತೊಂದರೆಗಳಿಗೆ ಕಾರಣವಾದ ಕೆಲಸಗಳು ಬಹುತೇಕ ದೊಡ್ಡವರು ಮಾಡಬೇಕಾದವು. ಮಕ್ಕಳು ಎಷ್ಟೇ ಶಿಸ್ತಿನಿಂದ ಬರಿಗಾಲಲ್ಲಿ ಬಂದು ಕುಳಿತರೂ, ವರ್ಷಗಟ್ಟಲೆ ಮುಚ್ಚಳ ತೆರೆಯದ ಯಂತ್ರದೊಳಗಿನ ಧೂಳು ತಾನಾಗಿ ಹೋಗುವುದಿಲ್ಲ. ಆದ್ದರಿಂದ ಮಕ್ಕಳಿಗೆ ಐದಾರು ನಿಯಮಗಳನ್ನು ಮಾತ್ರ ಉಳಿಸಿ, ಉಳಿದುದನ್ನು ಶಾಲೆಯ ನಿರ್ವಹಣಾ ಕೆಲಸವಾಗಿ ಬರೆದಿಟ್ಟುಕೊಳ್ಳಬೇಕೆಂಬುದು ನನ್ನ ಖಚಿತವಾದ ಸಲಹೆ. ಕೊಠಡಿ ತೆರೆಯುವ ದಿನಗಳನ್ನು ಕಡಿಮೆ ಮಾಡುವುದಂತೂ ಬೇಡ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಯಂತ್ರಗಳು ಬಿಸಿಯಾಗಿ ಆರಿಹೋಗುವ ವಿಷಯವನ್ನು ನೋಡೋಣ. ಕಂಪ್ಯೂಟರ್ ಪೆಟ್ಟಿಗೆಯೊಳಗಿನ ಫ್ಯಾನು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಂಡು, ಲೆಕ್ಕಾಚಾರ ಮಾಡುವ ಮುಖ್ಯ ಬಿಡಿಭಾಗವಾದ ಪ್ರೊಸೆಸರ್ ಮೇಲೆ ಕೂರಿಸಿರುವ, ಶಾಖ ಹೀರುವ ಹೀಟ್ ಸಿಂಕ್‌ನ ತೆಳುವಾದ ಲೋಹದ ಪದರಗಳ ನಡುವೆ ಹಾಯಿಸಿ, ಬಿಸಿಗಾಳಿಯನ್ನು ಹಿಂಬದಿಯಿಂದ ಹೊರಹಾಕುತ್ತದೆ. ಗಾಳಿಯ ಜೊತೆಗೆ ಬಂದ ಧೂಳು, ಕೂದಲು ಮತ್ತು ಬಟ್ಟೆಯ ನೂಲೆಳೆಗಳು ಆ ಪದರಗಳ ನಡುವೆ ಸಿಕ್ಕಿಕೊಂಡು, ಕೆಲವು ತಿಂಗಳುಗಳಲ್ಲಿ ಕಂಬಳಿ ಹೊದಿಸಿದಂತೆ ದಟ್ಟವಾಗುತ್ತವೆ. ಆಗ ಫ್ಯಾನು ಎಷ್ಟು ವೇಗವಾಗಿ ತಿರುಗಿದರೂ ಶಾಖ ಹೊರಹೋಗುವುದಿಲ್ಲ. ಅನೇಕ ಪ್ರೊಸೆಸರ್‌ಗಳಿಗೆ 90ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಮಿತಿ ಇರುತ್ತದೆ. ಉಷ್ಣತೆ ಅದನ್ನು ಮುಟ್ಟಿದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಹಳೆಯ ಯಂತ್ರವೆಂದು ಶಾಲೆಗಳು ಕೈಬಿಡುವ ಎಷ್ಟೋ ಕಂಪ್ಯೂಟರುಗಳ ನಿಧಾನಗತಿಗೆ ಈ ಧೂಳೂ ಒಂದು ಕಾರಣ. ಅದನ್ನು ತೆಗೆಸಿ ನೋಡುವ ಮೊದಲೇ ಹೊಸ ಯಂತ್ರಕ್ಕೆ ಅರ್ಜಿ ಬರೆಯುವುದು ಸರಿಯಲ್ಲ.

ಈ ಧೂಳು ಬರುವುದು ಎಲ್ಲಿಂದ? ಪಾದರಕ್ಷೆ ಒಂದು ಮೂಲ, ನಿಜ. ಆದರೆ ಅದಕ್ಕಿಂತ ಕಡಿಮೆಯಿಲ್ಲದ ಇನ್ನೂ ಮೂರು ಮೂಲಗಳಿವೆ: ಒಣ ಪೊರಕೆ, ಸೀಮೆಸುಣ್ಣ ಮತ್ತು ಆಟದ ಮೈದಾನದ ಕಡೆಗೆ ತೆರೆದಿರುವ ಕಿಟಕಿ. ಒಣ ಪೊರಕೆಯಿಂದ ಗುಡಿಸಿದಾಗ ದಪ್ಪ ಕಸ ಮೂಲೆಗೆ ಸೇರುತ್ತದೆ. ಸಣ್ಣ ಧೂಳು ಮೇಲೆದ್ದು ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿದ್ದು, ಆಮೇಲೆ ಚಾಲೂ ಆಗುವ ಯಂತ್ರಗಳ ಒಳಕ್ಕೇ ಹೋಗುತ್ತದೆ. ಸೀಮೆಸುಣ್ಣವು ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಜಿಪ್ಸಮ್‌ನಿಂದ ಮಾಡಿದ್ದು. ಡಸ್ಟರಿನಿಂದ ಒರೆಸುವಾಗ ಉದುರುವ ಅದರ ಪುಡಿ ತೀರಾ ನಯವಾದದ್ದು. ಧೂಳು ಬಾರದ ಸೀಮೆಸುಣ್ಣವೆಂದು ಮಾರುವುದರ ಪುಡಿ ಕಡಿಮೆ ಹಾರುತ್ತದೆಯೇ ಹೊರತು ಪುಡಿಯೇ ಬೀಳದೆಂದಲ್ಲ. ಕಂಪ್ಯೂಟರ್ ಕೊಠಡಿಯಲ್ಲಿ ಕರಿಹಲಗೆ ಇದ್ದರೆ ಅದನ್ನು ಬಿಳಿಹಲಗೆಗೆ ಬದಲಾಯಿಸಿ. ಅದು ಸದ್ಯಕ್ಕೆ ಆಗದಿದ್ದರೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುವ ಪದ್ಧತಿಯನ್ನಾದರೂ ತನ್ನಿ.

ಇನ್ನೊಂದು ಸಂಗತಿ ಅನೇಕ ಶಾಲೆಗಳ ಗಮನಕ್ಕೆ ಬಂದಿರುವುದಿಲ್ಲ. ಮೇಜಿನ ಮೇಲೆ ಜಾಗವಿಲ್ಲವೆಂದು ಪೆಟ್ಟಿಗೆಗಳನ್ನು ನೆಲದ ಮೇಲೆಯೇ ಇಟ್ಟಿರುತ್ತಾರೆ. ಗಾಳಿ ಎಳೆದುಕೊಳ್ಳುವ ಕಿಂಡಿ ನೆಲಕ್ಕೆ ಸಮನಾಗಿದ್ದಾಗ, ಪ್ರತಿ ಹೆಜ್ಜೆಗೂ ಏಳುವ ಧೂಳು ನೇರವಾಗಿ ಅದರೊಳಗೆ ಹೋಗುತ್ತದೆ. ನೆಲ ಒರೆಸುವ ನೀರು ಸಿಡಿಯುವ ಅಪಾಯವೂ ಇದೆ. ಒಂದು ಗೇಣಿನಷ್ಟು ಎತ್ತರದ ಮರದ ಹಲಗೆಯ ಮೇಲೆ ಪೆಟ್ಟಿಗೆಯನ್ನಿಟ್ಟು, ಹಿಂಬದಿಯ ಗೋಡೆಗೂ ಅದಕ್ಕೂ ಒಂದು ಅಂಗೈ ಅಗಲದ ಅಂತರ ಬಿಟ್ಟರೆ ಸಾಕು, ಒಳಗೆ ಸೇರುವ ಧೂಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ.

ಪಾದರಕ್ಷೆಯ ನಿಯಮದ ಬಗ್ಗೆ ನನ್ನ ಅಭಿಪ್ರಾಯ ಸಾಮಾನ್ಯ ರೂಢಿಗಿಂತ ಸ್ವಲ್ಪ ಬೇರೆ. ಹೊರಗಿನ ಮಣ್ಣು ಒಳಗೆ ಬರಬಾರದೆಂಬ ಉದ್ದೇಶ ಸರಿಯಾದದ್ದೇ, ಆದರೆ ಮಕ್ಕಳನ್ನು ಬರಿಗಾಲಲ್ಲಿ ಕೂರಿಸುವುದು ಅದಕ್ಕೆ ಉತ್ತಮ ದಾರಿಯಲ್ಲ. ಲೋಹದ ಪೆಟ್ಟಿಗೆಯಿರುವ ಯಂತ್ರದ ಅರ್ಥಿಂಗ್ ಕೆಟ್ಟಿದ್ದರೆ ಅಥವಾ ಮೇಜಿನ ಕೆಳಗೆ ವೈರಿನ ಹೊದಿಕೆ ಹರಿದಿದ್ದರೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿರುವ ಮಗುವಿಗೆ ವಿದ್ಯುದಾಘಾತದ ಅಪಾಯ ಹೆಚ್ಚು. ನುಣುಪಾದ ನೆಲದ ಮೇಲೆ ನೈಲಾನ್ ಕಾಲುಚೀಲ ಹಾಕಿಕೊಂಡು ನಡೆದರೆ ಜಾರುವುದಲ್ಲದೆ, ಒಣಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ತೂ ಸೇರಿಕೊಳ್ಳುತ್ತದೆ. ಬಾಗಿಲ ಹೊರಗೆ ಒರಟಾದ ಕಾಲೊರಸನ್ನೂ ಒಳಗೆ ನೀರು ಹೀರುವ ಇನ್ನೊಂದನ್ನೂ ಹಾಕಿ, ಎರಡರ ಮೇಲೂ ಕಾಲು ಒರೆಸಿಕೊಂಡು ಬರುವಂತೆ ಮಾಡಿದರೆ ಸಾಮಾನ್ಯ ದಿನಗಳಲ್ಲಿ ಅಷ್ಟೇ ಸಾಕು. ಕೆಸರಿನ ದಿನಗಳಲ್ಲಿ ಹೊರಗಿನ ಪಾದರಕ್ಷೆ ಬಿಡಿಸಿ, ಒಳಗೆ ಮಾತ್ರ ಹಾಕಿಕೊಳ್ಳುವ ರಬ್ಬರ್ ಚಪ್ಪಲಿಗಳನ್ನು ಶಾಲೆಯೇ ಇಡಬಹುದು. ಬರಿಗಾಲಿನ ಪದ್ಧತಿಯನ್ನು ಬಿಡಲು ಆಗದಿದ್ದರೆ, ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಎಲ್ಲ ಪ್ಲಗ್‌ಗಳ ಅರ್ಥಿಂಗ್ ಪರೀಕ್ಷಿಸಿ, ಭೂಸೋರಿಕೆಯಾದಾಗ ವಿದ್ಯುತ್ ಕಡಿತಗೊಳಿಸುವ ಸಾಧನವನ್ನು ಹಾಕಿಸದೆ ಅದನ್ನು ಮುಂದುವರಿಸಬೇಡಿ. ಕಾಲೊರಸನ್ನು ವಾರಕ್ಕೊಮ್ಮೆ ಹೊರಗೆ ಒಯ್ದು ಕೊಡವಲೇಬೇಕು. ತುಂಬಿದ ಕಾಲೊರಸು ಧೂಳನ್ನು ಹಿಡಿಯುವುದಿಲ್ಲ, ಮರಳಿ ಕೊಡುತ್ತದೆ.

ಕೊಠಡಿಯನ್ನು ಶುಚಿ ಮಾಡುವಾಗ ಮೇಲಿನಿಂದ ಕೆಳಕ್ಕೆ ಬರಬೇಕು: ಮೊದಲು ಮೇಲಿನ ಫ್ಯಾನು ಮತ್ತು ಕಿಟಕಿ, ಆಮೇಲೆ ಮೇಜು, ಕೊನೆಗೆ ನೆಲ. ಒಣದಾಗಿ ಗುಡಿಸುವ ಬದಲು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಲೇಬೇಕಾದರೆ ಯಂತ್ರಗಳು ಆರಿರುವಾಗ, ಹೊದಿಕೆ ಹಾಕಿ, ಶಾಲೆ ಬಿಟ್ಟ ಮೇಲೆ ಗುಡಿಸಿ. ಮರುದಿನ ಬೆಳಿಗ್ಗೆಯ ಹೊತ್ತಿಗೆ ಎದ್ದ ಧೂಳು ಕೂತಿರುತ್ತದೆ, ಅದನ್ನು ಹೊದಿಕೆಯ ಸಮೇತ ತೆಗೆಯಬಹುದು. ಬಕೆಟ್ಟಿನ ನೀರನ್ನು ನೆಲಕ್ಕೆ ಸುರಿಯುವ ಅಭ್ಯಾಸವನ್ನು ಈ ಕೊಠಡಿಯಲ್ಲಿ ಪೂರ್ತಿಯಾಗಿ ನಿಷೇಧಿಸಿ. ನೆಲ ತೊಳೆಯುವ ಆಮ್ಲವೂ ಇಲ್ಲಿ ಬೇಡ, ಏಕೆಂದರೆ ಅದರ ಹೊಗೆ ಲೋಹದ ಸಂಪರ್ಕಗಳನ್ನು ತಿನ್ನುತ್ತದೆ. ಆಮ್ಲವನ್ನೂ ಬ್ಲೀಚಿಂಗ್ ದ್ರಾವಣವನ್ನೂ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆಂಬುದನ್ನು ಶುಚಿ ಮಾಡುವ ಸಿಬ್ಬಂದಿಗೆ ಒಮ್ಮೆ ಕೂರಿಸಿ ತಿಳಿಹೇಳಿ. ಈ ಮಾತನ್ನು ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ, ಅಪಾಯವೆಲ್ಲ ಮಾತ್ರ ಅವರ ಪಾಲಿಗೆ ಇರುತ್ತದೆ.

ಪೆಟ್ಟಿಗೆಯ ಒಳಭಾಗವನ್ನು ಆರು ತಿಂಗಳಿಗೊಮ್ಮೆ, ಧೂಳು ಹೆಚ್ಚಿರುವ ಕಡೆ ಮೂರು ತಿಂಗಳಿಗೊಮ್ಮೆ ಶುಚಿಗೊಳಿಸಬೇಕು. ಇದು ತಂತ್ರಜ್ಞರ ಕೆಲಸ, ಇಲ್ಲವೇ ಅವರಿಂದ ಕಲಿತ ಶಿಕ್ಷಕರ ಕೆಲಸ, ಮಕ್ಕಳದ್ದಲ್ಲ. ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಕೊಠಡಿಯ ಹೊರಗೆ ಒಯ್ದು, ಮುಚ್ಚಳ ತೆಗೆದು, ಬ್ಲೋವರಿನಿಂದ ಚಿಕ್ಕ ಚಿಕ್ಕದಾಗಿ ಗಾಳಿ ಹಾಯಿಸಬೇಕು. ಫ್ಯಾನಿನ ರೆಕ್ಕೆಯನ್ನು ಆಗ ಬೆರಳಿನಿಂದಲೋ ಕಡ್ಡಿಯಿಂದಲೋ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮನೆಯಲ್ಲಿ ಬಳಸುವ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರ ವಿದ್ಯುತ್ ಉಂಟಾಗುವುದರಿಂದ ಅದನ್ನು ಸರ್ಕೀಟ್ ಹಲಗೆಯ ಹತ್ತಿರ ತರಬಾರದು. ನಮ್ಮ ಬೆರಳಿಗೆ ಚುರುಕ್ ಎನಿಸುವ ಸ್ಥಿರ ವಿದ್ಯುತ್ತು ಸುಮಾರು 3000 ವೋಲ್ಟ್ ಇರುತ್ತದೆ. ಕೆಲವು ಸೂಕ್ಷ್ಮ ಬಿಡಿಭಾಗಗಳಿಗೆ 100 ವೋಲ್ಟ್‌ಗಿಂತ ಕಡಿಮೆಯೇ ಸಾಕು, ನಮಗೆ ಗೊತ್ತೇ ಆಗದಂತೆ ಅವು ಕೆಡುತ್ತವೆ. ಆದ್ದರಿಂದ ಒಳಗೆ ಕೈಹಾಕುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು, ಮೈಯ ಸ್ಥಿರ ವಿದ್ಯುತ್ತನ್ನು ಹರಿದುಹೋಗಗೊಡುವ ಮಣಿಕಟ್ಟಿನ ಪಟ್ಟಿ ಇದ್ದರೆ ಅದನ್ನು ಕಟ್ಟಿಕೊಳ್ಳಬೇಕು. ವಿದ್ಯುತ್ ಪೂರೈಸುವ ಒಳಪೆಟ್ಟಿಗೆ ಮತ್ತು ಹಳೆಯ ಟ್ಯೂಬ್ ಮಾನಿಟರ್, ಇವೆರಡನ್ನು ಯಾರೂ ಬಿಚ್ಚಕೂಡದು: ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. ಯುಪಿಎಸ್ ಬ್ಯಾಟರಿಗಳ ತುದಿಗಳನ್ನು ಒರೆಸುವುದನ್ನೂ ತಂತ್ರಜ್ಞರಿಗೇ ಬಿಡಿ.

ಹೊದಿಕೆಗಳ ವಿಷಯ ಚಿಕ್ಕದು. ಯಂತ್ರ ಆರಿಸಿ ಹತ್ತು ಹದಿನೈದು ನಿಮಿಷ ತಣಿದ ಮೇಲೆ ಹೊದಿಸಬೇಕು. ಚಾಲೂ ಮಾಡುವ ಮೊದಲು ಪೂರ್ತಿ ತೆಗೆಯಬೇಕು, ಅರ್ಧ ಮಡಿಚಿ ಹಿಂದಕ್ಕೆ ಬಿಟ್ಟರೆ ಬಿಸಿಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ. ಪ್ಲಾಸ್ಟಿಕ್ಕಿಗಿಂತ ಒತ್ತು ನೇಯ್ಗೆಯ ಹತ್ತಿಬಟ್ಟೆ ಮೇಲು, ಅದನ್ನು ತಿಂಗಳಿಗೊಮ್ಮೆ ಒಗೆಯಬಹುದು.

ಅಂಟುವ ಕೀಲಿಗಳಿಗೆ ಬರೋಣ. ಶಾಲೆಗಳಲ್ಲಿರುವ ಕೀಬೋರ್ಡುಗಳಲ್ಲಿ ಹೆಚ್ಚಿನವು ಮೂರು ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಮಾದರಿಯವು. ಸಕ್ಕರೆಯಿರುವ ಯಾವುದೇ ದ್ರವ ಆ ಹಾಳೆಗಳ ನಡುವೆ ಇಳಿದರೆ, ನೀರು ಆರಿದ ಮೇಲೂ ಅಂಟು ಉಳಿಯುತ್ತದೆ, ಆಮೇಲೆ ಬಂದ ಧೂಳು ಅದರಲ್ಲೇ ನಿಲ್ಲುತ್ತದೆ. ಕೊಠಡಿಯಲ್ಲಿ ತಿನ್ನುವುದು ನಿಷಿದ್ಧವಾಗಿದ್ದರೂ ಇದು ನಡೆಯುವುದಕ್ಕೆ ಎರಡು ಕಾರಣಗಳಿರಬಹುದು. ಊಟದ ಬಿಡುವಿನ ಮರುಗಳಿಗೆಯ ತರಗತಿಗೆ ಮಕ್ಕಳು ಕೈತೊಳೆಯದೆ ಬರುವುದು ಒಂದು. ಶಿಕ್ಷಕರ ಮೇಜಿಗೆ ಬರುವ ಚಹಾದ ಲೋಟ ಇನ್ನೊಂದು. ಎರಡನೆಯದನ್ನು ಬೇಸರಪಟ್ಟುಕೊಳ್ಳದೆ ಒಪ್ಪಿಕೊಳ್ಳಬೇಕೆಂದು ನಿಮ್ಮಲ್ಲಿ ಕೋರುತ್ತೇನೆ. ದೊಡ್ಡವರಿಗೆ ವಿನಾಯಿತಿ ಇರುವ ನಿಯಮವನ್ನು ಮಕ್ಕಳು ಸ್ವಚ್ಛತೆಯ ನಿಯಮವೆಂದು ತಿಳಿಯುವುದಿಲ್ಲ, ತಮ್ಮ ಮೇಲಿನ ಹತೋಟಿಯೆಂದೇ ತಿಳಿಯುತ್ತಾರೆ.

ನೀರಿನ ಬಾಟಲಿಯನ್ನು ಮಾತ್ರ ಪೂರ್ತಿ ನಿಷೇಧಿಸಬೇಡಿ, ಮಕ್ಕಳಿಗೆ ಬಾಯಾರಿಕೆ ಆಗುತ್ತದೆ. ಬಾಗಿಲ ಬಳಿ ಒಂದು ಕಪಾಟಿನಲ್ಲಿ ಬಾಟಲಿಗಳಿರಲಿ, ಬೇಕಾದವರು ಅಲ್ಲಿಗೇ ಹೋಗಿ ಕುಡಿದು ಬರಲಿ. ಎಲ್ಲಾದರೂ ದ್ರವ ಚೆಲ್ಲಿದರೆ ಮಗು ಮಾಡಬೇಕಾದದ್ದು ಒಂದೇ, ಕೈ ಹಿಂದಕ್ಕೆ ತೆಗೆದುಕೊಂಡು ಶಿಕ್ಷಕರನ್ನು ಕೂಗುವುದು. ಶಿಕ್ಷಕರು ಗೋಡೆಯ ಸ್ವಿಚ್ಚಿನಲ್ಲಿ ವಿದ್ಯುತ್ ಆರಿಸಿ, ಕೀಬೋರ್ಡಿನ ತಂತಿ ಕಿತ್ತು, ಅದನ್ನು ಬೋರಲು ಹಾಕಿ, ಎರಡು ದಿನ ಒಣಗಲು ಬಿಡಬೇಕು. ಬೇಗ ಒಣಗಲೆಂದು ಬಿಸಿಗಾಳಿ ಊದಿದರೆ ಹಾಳೆಗಳು ಸೊಟ್ಟಗಾಗುತ್ತವೆ. ಚೆಲ್ಲಿದ್ದನ್ನು ತಾನಾಗಿ ಬಂದು ಹೇಳಿದ ಮಗುವನ್ನು ಬೈಯಬಾರದು, ದಂಡವನ್ನೂ ಹಾಕಬಾರದು. ಬೈದರೆ ಮುಂದಿನ ಸಲ ಚೆಲ್ಲಿದ್ದನ್ನು ಮುಚ್ಚಿಡುತ್ತಾರೆ, ಆಗ ಆಗುವ ಹಾನಿ ಕೀಬೋರ್ಡಿಗೇ ನಿಲ್ಲದಿರಬಹುದು.

ಕಣ್ಣುಬೇನೆಯ ವಿಷಯದಲ್ಲಿ ಪೋಷಕರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಕಣ್ಣುಬೇನೆ, ನೆಗಡಿ ಮತ್ತು ಜ್ವರದ ವೈರಾಣುಗಳು ಕೈಯಿಂದ ಕೀಲಿಗೆ, ಕೀಲಿಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಕಣ್ಣಿಗೋ ಮೂಗಿಗೋ ಹೋಗುತ್ತವೆ. ಪ್ಲಾಸ್ಟಿಕ್‌ನಂಥ ಗಟ್ಟಿ ಮೇಲ್ಮೈಯಲ್ಲಿ ಫ್ಲೂ ವೈರಾಣು 24ರಿಂದ 48 ಗಂಟೆಗಳವರೆಗೆ ಬದುಕಿರಬಲ್ಲದು. ಹಾಗೆಂದು ಇದೇ ಕೊಠಡಿಯಿಂದಲೇ ಹರಡಿತೆಂದು ಹೇಳಲು ಬರುವುದಿಲ್ಲ, ಪಕ್ಕಪಕ್ಕ ಕೂರುವ ಮಕ್ಕಳ ನಡುವೆ ಅದು ಎಲ್ಲಿಂದಲಾದರೂ ಹರಡುತ್ತದೆ. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ನಿಯಮವೆಂದರೆ, ಕೊಠಡಿಗೆ ಬರುವ ಮೊದಲು ಮತ್ತು ಹೋದ ಮೇಲೆ ಸೋಪು ಹಚ್ಚಿ 20 ಸೆಕೆಂಡು ಕೈತೊಳೆದು, ಚೆನ್ನಾಗಿ ಒರೆಸಿಕೊಳ್ಳುವುದು. ಕೊಠಡಿಯ ಹತ್ತಿರ ನಲ್ಲಿಯೂ ಸೋಪೂ ಇಲ್ಲದಿದ್ದರೆ ಈ ನಿಯಮವನ್ನು ಬರೆದು ಪ್ರಯೋಜನವಿಲ್ಲ. ಫಲಕಕ್ಕೆ ಬಣ್ಣ ಬಳಿಸುವ ಮುಂಚೆ ನಲ್ಲಿ ಹಾಕಿಸಿ. ಕನಿಷ್ಠ ಶೇ. 60ರಷ್ಟು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಎರಡನೆಯ ಆಯ್ಕೆ. ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಯಂತ್ರಗಳ ಹತ್ತಿರ ಇಡದೆ ಬಾಗಿಲಲ್ಲಿಡಬೇಕು, ಕೈ ಪೂರ್ತಿ ಆರಿದ ಮೇಲೆಯೇ ಕೀಬೋರ್ಡ್ ಮುಟ್ಟಬೇಕು. ಕಣ್ಣು ಕೆಂಪಾಗಿರುವ ಮಗುವಿಗೆ ಆ ದಿನ ಹಂಚಿಕೊಳ್ಳುವ ಯಂತ್ರದ ಬದಲು ಬೇರೆ ಕೆಲಸ ಕೊಡಿ. ಆದರೆ ತರಗತಿಯ ಮುಂದೆ ಹೆಸರು ಹಿಡಿದು ಹೊರಗೆ ಕಳಿಸಬೇಡಿ.

ಕೀಬೋರ್ಡ್ ಮತ್ತು ಮೌಸುಗಳನ್ನು ಒರೆಸಲು ಶೇ. 70ರ ಐಸೋಪ್ರೊಪೈಲ್ ಆಲ್ಕೋಹಾಲ್ ಒಳ್ಳೆಯದು. ಯಂತ್ರವನ್ನು ಆರಿಸಿ, ಕೀಬೋರ್ಡನ್ನು ಬೋರಲಾಗಿಸಿ ಮೆಲ್ಲಗೆ ತಟ್ಟಿ, ಸಂದುಗಳ ಧೂಳನ್ನು ಮೃದುವಾದ ಬ್ರಷ್ಷಿನಿಂದ ತೆಗೆದು, ಆಮೇಲೆ ದ್ರವವನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಯಂತ್ರದ ಮೇಲೆ ನೇರವಾಗಿ ಎಂದಿಗೂ ಸಿಂಪಡಿಸಬಾರದು. ಬ್ಲೀಚಿಂಗ್ ದ್ರಾವಣ ಲೋಹವನ್ನು ಕೊರೆಯುತ್ತದೆ, ಮಕ್ಕಳ ಉಸಿರಾಟಕ್ಕೂ ಕಿರಿಕಿರಿ. ತೆರೆಯ ವಿಚಾರ ಬೇರೆಯೇ. ಎಲ್‌ಸಿಡಿ ತೆರೆಗೆ ಮೈಕ್ರೋಫೈಬರ್ ಬಟ್ಟೆ ಸಾಕು, ಕಲೆ ಹೋಗದಿದ್ದರೆ ಬಟ್ಟೆಗೆ ಒಂದೆರಡು ಹನಿ ಬಟ್ಟಿ ಇಳಿಸಿದ ನೀರು. ಅಮೋನಿಯ ಇರುವ ಗಾಜು ಶುಚಿಕಾರಕಗಳು ತೆರೆಯ ಮೇಲಿನ ಲೇಪವನ್ನು ಕಿತ್ತುಹಾಕುತ್ತವೆ, ಕಾಗದದ ಟಿಶ್ಯೂ ಮತ್ತು ದಿನಪತ್ರಿಕೆ ಸೂಕ್ಷ್ಮ ಗೀರು ಬೀಳಿಸುತ್ತವೆ. ಆಲ್ಕೋಹಾಲನ್ನು ತೆರೆಗೆ ಹಚ್ಚುವ ಮುನ್ನ ತಯಾರಕರ ಕೈಪಿಡಿಯನ್ನು ನೋಡಲೇಬೇಕು.

ಹೆಡ್‌ಫೋನ್ ಹಂಚಿಕೊಳ್ಳುವುದರಿಂದ ಹೇನು ಹರಡುತ್ತದೆಂದು ಭಯಪಡುವವರು ಬಹಳ. ಹೇನು ಮುಖ್ಯವಾಗಿ ತಲೆಗೆ ತಲೆ ತಾಗುವುದರಿಂದ ಹರಡುತ್ತದೆ, ವಸ್ತುಗಳ ಮೂಲಕ ಹರಡುವುದು ವಿರಳ. ಆದರೆ ಬೆವರು ಮತ್ತು ಕಿವಿಯ ಸೋರಿಕೆಯ ದೃಷ್ಟಿಯಿಂದ ಕಿವಿಯ ಮೆತ್ತೆಗಳನ್ನು ಪ್ರತಿ ಬಳಕೆಯ ನಂತರ ಒರೆಸುವುದು ಅಗತ್ಯ. ಸ್ಪಂಜಿನ ಮೆತ್ತೆಗಳನ್ನು ಒರೆಸಲು ಬರುವುದಿಲ್ಲವಾದ್ದರಿಂದ, ಕೊಳ್ಳುವಾಗಲೇ ರೆಕ್ಸಿನ್ ಹೊದಿಸಿದ ಮೆತ್ತೆಯಿರುವುದನ್ನು ಆರಿಸಿ.

ಇಲಿ, ಜಿರಲೆ ಮತ್ತು ಇರುವೆಗಳಿಗೆ ಕಂಪ್ಯೂಟರ್ ಪೆಟ್ಟಿಗೆ ಬೆಚ್ಚಗಿನ ಆಶ್ರಯ. ಕಸದ ಬುಟ್ಟಿಯನ್ನು ದಿನವೂ ಖಾಲಿ ಮಾಡಿ, ವೈರು ಹಾದುಹೋಗುವ ಗೋಡೆಯ ತೂತುಗಳನ್ನು ಮುಚ್ಚಿಸಿ, ಪೆಟ್ಟಿಗೆಯ ಹಿಂಬದಿಯಲ್ಲಿ ಕಾರ್ಡು ಕೂರಿಸುವ ಖಾಲಿ ಕಿಂಡಿಗಳಿಗೆ (ಗಾಳಿಯ ಕಿಂಡಿಗಳಿಗಲ್ಲ) ಲೋಹದ ಪಟ್ಟಿ ಹಾಕಿಸಿ. ಕೀಟಗಳಿಗೆಂದು ಕೆಲವು ಶಾಲೆಗಳಲ್ಲಿ ಮೇಜಿನ ಸಂದುಗಳಲ್ಲಿ ನುಸಿಗುಳಿಗೆ ಇಡುತ್ತಾರೆ. ಇದನ್ನು ಇವತ್ತೇ ತೆಗೆಸಿಬಿಡಿ. ಅದರಲ್ಲಿರುವ ನಾಫ್ತಲೀನ್‌ನಿಂದ, ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆಯಿರುವ ಮಕ್ಕಳಲ್ಲಿ ಕೆಂಪು ರಕ್ತಕಣಗಳು ಒಡೆಯುವ ಗಂಭೀರ ತೊಂದರೆ ಬರಬಹುದು. ಯಾವ ಮಗುವಿಗೆ ಆ ಕೊರತೆ ಇದೆಯೆಂದು ಶಾಲೆಗೆ ತಿಳಿದಿರುವುದಿಲ್ಲ.

ಶುಚಿ ಮಾಡುವವರು ಯಾರೆಂಬ ಪ್ರಶ್ನೆಗೆ ನಾನು ಒತ್ತುಕೊಟ್ಟು ಉತ್ತರಿಸಬಯಸುತ್ತೇನೆ. ತಾನು ಬಳಸಿದ ಕೀಬೋರ್ಡ್, ಮೌಸ್ ಮತ್ತು ಹೆಡ್‌ಫೋನನ್ನು ಒರೆಸಿ, ಕುರ್ಚಿಯನ್ನು ಒಳಕ್ಕೆ ತಳ್ಳಿ, ಜಾಗವನ್ನು ಮುಂದಿನವರಿಗೆ ಸರಿಯಾಗಿ ಬಿಟ್ಟುಕೊಡುವುದನ್ನು ಪ್ರತಿ ಮಗುವೂ ಕಲಿಯಬೇಕು, ಅದು ಪಾಠದ ಭಾಗವೇ. ಅದಕ್ಕಾಗಿ ಅವಧಿಯ ಕೊನೆಯ ಐದು ನಿಮಿಷಗಳನ್ನು ಮೀಸಲಿಡಿ. ಗಂಟೆ ಬಾರಿಸಿದ ಮೇಲೆ ಮಾಡಿಸಹೊರಟರೆ ಯಾರೂ ಮಾಡುವುದಿಲ್ಲ. ನೆಲ, ಕಿಟಕಿ, ಫ್ಯಾನು ಮತ್ತು ರಾಸಾಯನಿಕಗಳ ಕೆಲಸ ಸಿಬ್ಬಂದಿಯದು. ಸರದಿಯ ಪಟ್ಟಿಯಲ್ಲಿ ಹುಡುಗಿಯರಿಗೆ ಒರೆಸುವುದು, ಹುಡುಗರಿಗೆ ವೈರು ಜೋಡಿಸುವುದು ಎಂಬ ಹಂಚಿಕೆ ಎಷ್ಟೋ ಕಡೆ ಯಾರೂ ಆಲೋಚಿಸದೆಯೇ ನಡೆದುಕೊಂಡು ಬಂದಿರುತ್ತದೆ; ನಿಮ್ಮ ಪಟ್ಟಿಯನ್ನು ಒಮ್ಮೆ ಈ ಕಣ್ಣಿನಿಂದ ನೋಡಿ. ಒರೆಸುವ ಕೆಲಸವನ್ನು ತಪ್ಪಿಗೆ ಶಿಕ್ಷೆಯಾಗಿ ಕೊಡುವುದಂತೂ ಬೇಡವೇ ಬೇಡ. ಹಾಗೆ ಕೊಟ್ಟರೆ, ಆ ಕೆಲಸವನ್ನು ದಿನವೂ ಮಾಡುವ ಸಿಬ್ಬಂದಿಯ ಬಗ್ಗೆ ಮಕ್ಕಳಲ್ಲಿ ಯಾವ ಭಾವನೆ ಬೆಳೆಯುತ್ತದೆಂದು ಯೋಚಿಸಬೇಕು.

ಕಾಲಕ್ರಮ ಹೀಗಿರಲಿ: ದಿನವೂ ನೆಲ, ಮೇಜು ಮತ್ತು ಕಸದ ಬುಟ್ಟಿ, ವಾರಕ್ಕೊಮ್ಮೆ ಕೀಬೋರ್ಡಿನ ಸಂದುಗಳು, ತೆರೆಗಳು ಮತ್ತು ಕಾಲೊರಸು, ತಿಂಗಳಿಗೊಮ್ಮೆ ಮೇಲಿನ ಫ್ಯಾನು, ಹವಾನಿಯಂತ್ರಕ ಹಾಗೂ ಪ್ರೊಜೆಕ್ಟರಿನ ಸೋಸುಜಾಲರಿ, ಮತ್ತು ಎಕ್ಸ್‌ಟೆನ್ಷನ್ ಬೋರ್ಡುಗಳ ಸುತ್ತಲಿನ ಧೂಳು. ಕೊನೆಯದನ್ನು ಮರೆಯಬೇಡಿ: ಪ್ಲಗ್‌ಗಳ ಸುತ್ತ ಸೇರಿದ ಧೂಳು ತೇವ ಹೀರಿಕೊಂಡಾಗ ವಿದ್ಯುತ್ ಸೋರಿ ಬೆಂಕಿಗೂ ಕಾರಣವಾಗಬಹುದು. ಮಾಡಿದ ಕೆಲಸವನ್ನು ದಿನಾಂಕ ಮತ್ತು ಸಹಿಯೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಪೋಷಕರು ಕೇಳಿದಾಗ ಅದೇ ನಿಮ್ಮ ಉತ್ತರವಾಗುತ್ತದೆ.

ಇನ್ನು ಕೊಠಡಿಯನ್ನು ವಾರಕ್ಕೆ ಒಂದೇ ದಿನ ತೆರೆಯುವ ಪ್ರಸ್ತಾಪ. ಬೀಗ ಹಾಕಿದ ಕೊಠಡಿಯಲ್ಲೂ ಧೂಳು ಕೂರುತ್ತದೆ, ಗಾಳಿಯಾಡದೆ ತೇವ ನಿಲ್ಲುತ್ತದೆ, ಬಳಸದ ಪೆಟ್ಟಿಗೆಗಳಲ್ಲಿ ಕೀಟಗಳು ಮನೆಮಾಡುತ್ತವೆ. ಬಹುಕಾಲ ವಿದ್ಯುತ್ ಸಂಪರ್ಕವಿಲ್ಲದೆ ಉಳಿದ ಯಂತ್ರಗಳಲ್ಲಿ ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಬ್ಯಾಟರಿ ಬೇಗ ಬರಿದಾಗುತ್ತದೆ, ಯುಪಿಎಸ್ ಬ್ಯಾಟರಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಮಕ್ಕಳದ್ದು: ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವಿಗೆ ಬೀಗದಿಂದ ಆಗುವ ಕೊರತೆ ಅಲ್ಪ, ಇಲ್ಲದ ಮಗುವಿಗೆ ಕೀಲಿ ಮುಟ್ಟಲು ಸಿಗುವುದು ಇಲ್ಲಿ ಮಾತ್ರ. ಈ ಮಾತನ್ನು ಮುಖ್ಯೋಪಾಧ್ಯಾಯರ ಮುಂದಿಡಿ. ತರಗತಿಗಳ ನಡುವೆ ಹತ್ತು ನಿಮಿಷ ಬಿಡುವು ಕೊಟ್ಟು, ಮೈದಾನದ ಕಡೆಗಲ್ಲದ ಕಿಟಕಿಗಳನ್ನು ಆ ಹೊತ್ತಿನಲ್ಲಿ ತೆರೆದಿಡುವುದು ಕೊಠಡಿ ಮುಚ್ಚುವುದಕ್ಕಿಂತ ಉತ್ತಮ ಉಪಾಯ.

ಹೊಸ ಫಲಕಕ್ಕೆ ನಾನು ಸೂಚಿಸುವ ಬರಹ ಇಷ್ಟು: ‘ಕೈ ತೊಳೆದು, ಒರೆಸಿಕೊಂಡು ಬನ್ನಿ. ಕಾಲೊರಸಿನ ಮೇಲೆ ಕಾಲು ಒರೆಸಿ. ತಿಂಡಿ ಹೊರಗೆ, ನೀರು ಕಪಾಟಿನಲ್ಲಿ. ಏನಾದರೂ ಚೆಲ್ಲಿದರೆ, ಸುಟ್ಟ ವಾಸನೆ ಬಂದರೆ ಕೂಡಲೇ ಶಿಕ್ಷಕರನ್ನು ಕರೆಯಿರಿ, ಯಾರೂ ಬೈಯುವುದಿಲ್ಲ. ಬಳಸಿದ್ದನ್ನು ಒರೆಸಿ ಏಳಿ.’ ಇದನ್ನು ಮಕ್ಕಳ ಕಣ್ಣಿನ ಮಟ್ಟಕ್ಕೆ ತೂಗುಹಾಕಿ, ಪಕ್ಕದಲ್ಲೇ ಒಗೆದ ಬಟ್ಟೆಗಳ ಒಂದು ಬುಟ್ಟಿಯನ್ನೂ ಬಳಸಿದವುಗಳಿಗೆ ಇನ್ನೊಂದು ಬುಟ್ಟಿಯನ್ನೂ ಇಡಿ. ಬಟ್ಟೆಗಳನ್ನು ಒಗೆಯುವ ಹೊಣೆ ಯಾರದೆಂದು ಮೊದಲೇ ನಿಶ್ಚಯಿಸಿ, ಅದನ್ನೂ ನಿರ್ವಹಣಾ ಪುಸ್ತಕದಲ್ಲಿ ಬರೆಯಿರಿ.